ಥೈಮ್: ಬಿಸಿಲು ಕೊಡಿ, ನೀರು ಕೈಬಿಗಿ ಹಿಡಿದು ಹಾಕಿ

ಥೈಮ್ ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿದರೆ ಅಜವಾನದ ನೆನಪಾಗುತ್ತದೆ. ಎರಡರ ಘಾಟಿಗೂ ಕಾರಣ ಅವುಗಳ ಎಣ್ಣೆಯಲ್ಲಿರುವ ಥೈಮಾಲ್ ಎಂಬ ರಾಸಾಯನಿಕ. ಥೈಮ್ ಮೆಡಿಟರೇನಿಯನ್ ಸೀಮೆಯ ಕಲ್ಲುಗುಡ್ಡಗಳ ಗಿಡ. ಹುಬ್ಬಳ್ಳಿ, ಗದಗ ಸುತ್ತಿನ ಎರೆ ಮಣ್ಣಿನಲ್ಲಿ ನೇರವಾಗಿ ನೆಟ್ಟರೆ ಮೊದಲ ಮಳೆಗಾಲವನ್ನೂ ದಾಟುವುದು ಕಷ್ಟ: ಎರೆ ನೀರು ಬಿಡುವುದಿಲ್ಲ, ಬೇರಿಗೆ ಗಾಳಿಯಾಡದೆ ಕೊಳೆಯುತ್ತದೆ. ಅದಕ್ಕೆ ಕುಂಡವೇ ವಾಸಿ.

8 ಇಂಚಿನ ಮಣ್ಣಿನ ಕುಂಡ ಸಾಕು, ತಳದಲ್ಲಿ ತೂತು ಇರಲೇಬೇಕು. 2 ಪಾಲು ಮಸಾರಿ ಮಣ್ಣು, 2 ಪಾಲು ದಪ್ಪ ಮರಳು, 1 ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಕಲಸಿ ತುಂಬಿ. ಗೊಬ್ಬರ ಹೆಚ್ಚಾದರೆ ಗಿಡ ಸೊಕ್ಕುತ್ತದೆ, ಘಮ ಇಳಿಯುತ್ತದೆ.

ಬೀಜ ಹಾಕುವುದಾದರೆ ಅಕ್ಟೋಬರ್ ಕೊನೆ, ನವೆಂಬರ್. ಸಾಸಿವೆಗಿಂತ ಸಣ್ಣ ಬೀಜ. ಮೇಲೆ ಉದುರಿಸಿ ಅಂಗೈಯಿಂದ ಒತ್ತಿ, ಮಣ್ಣು ಮುಚ್ಚಬೇಡಿ. ಎರಡು ಮೂರು ವಾರ ಕಾಯಬೇಕು. ಅಷ್ಟು ತಾಳ್ಮೆ ಇಲ್ಲದವರು 3–4 ಇಂಚಿನ ಎಳೆ ಕಡ್ಡಿ ತಂದು, ಕೆಳಗಿನ ಎಲೆ ತೆಗೆದು, ಹಸಿ ಮರಳಲ್ಲಿ ಚುಚ್ಚಿ ನೆರಳಲ್ಲಿಟ್ಟರೆ ಒಂದೂವರೆ ತಿಂಗಳೊಳಗೆ ಬೇರು ಬಿಡುತ್ತದೆ.

ದಿನಕ್ಕೆ 6 ತಾಸು ಬಿಸಿಲು ಬೇಕು. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಮಾತ್ರ ನೆರಳು. ಬೆರಳು ಒಂದಿಂಚು ಇಳಿಸಿ ನೋಡಿ, ಒಣಗಿದ್ದರೆ ನೀರು ಹಾಕಿ. ಮಣ್ಣು ಹಸಿಯಿದ್ದೂ ಗಿಡ ಬಾಡಿದೆಯೆಂದರೆ ಬೇರು ಕೊಳೆತಿದೆ ಎಂದೇ ಲೆಕ್ಕ. ಆಗ ಮತ್ತೆ ನೀರು ಹೊಯ್ಯುವುದೇ ಎಲ್ಲರೂ ಮಾಡುವ ತಪ್ಪು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕುಂಡವನ್ನು ಸೂರಿನ ಕೆಳಗೆ ಎಳೆದುಕೊಳ್ಳಿ.

ಕೊಯ್ಯುವಾಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಎಲೆಯಿಲ್ಲದ ಕಟ್ಟಿಗೆ ಭಾಗದವರೆಗೆ ಕತ್ತರಿಸಿದರೆ ಅಲ್ಲಿ ಚಿಗುರುವುದು ಅಪರೂಪ. ಸಣ್ಣ ಕಟ್ಟು ಮಾಡಿ ನೆರಳಲ್ಲಿ ತೂಗುಹಾಕಿ. ಎಲೆ ಗರಿಗರಿಯಾದ ಮೇಲೆ ಡಬ್ಬಿಗೆ.

ಅಡುಗೆಯಲ್ಲಿ 3 ಚಮಚ ಹಸಿ ಎಲೆಗೆ 1 ಚಮಚ ಒಣ ಎಲೆ ಸಮ. ಮಿರ್ಚಿ ಭಜಿಯ ಹಿಟ್ಟಿಗೆ ಅಜವಾನದ ಬದಲು ಹಾಕಿ ನೋಡಿ: 1 ಕಪ್ ಕಡಲೆ ಹಿಟ್ಟಿಗೆ ಅರ್ಧ ಚಮಚ ಒಣ ಎಲೆ. ಒಗ್ಗರಣೆಗಾದರೆ, ಬರೀ ಕಾದ ಎಣ್ಣೆಗೆ ಹಾಕಿದರೆ ಕರಕಲಾಗಿ ಕಹಿಯಾಗುತ್ತದೆ, ಈರುಳ್ಳಿ ಬಿದ್ದ ಮೇಲೆ ಹಾಕಿ.

ಗಂಟಲು ಕೆರೆತಕ್ಕೆ 1 ಚಮಚ ಒಣ ಎಲೆಯ ಮೇಲೆ ಒಂದು ಕಪ್ ಕುದಿನೀರು ಸುರಿದು 10 ನಿಮಿಷ ಮುಚ್ಚಿಡಿ. ತೆರೆದಿಟ್ಟರೆ ಸತ್ವ ಹಬೆಯಲ್ಲೇ ಹೋಗುತ್ತದೆ. ಸೋಸಿ ಕುಡಿಯಬಹುದು, ಮುಕ್ಕಳಿಸಲೂಬಹುದು. ಒಂದು ವರ್ಷದೊಳಗಿನ ಕೂಸಿಗೆ ಜೇನು ಬೆರೆಸಿ ಕೊಡಬೇಡಿ. ಬಸುರಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಕುಡಿಯಲಿ. ಅಂಗಡಿಯಲ್ಲಿ ಸಿಗುವ ಥೈಮ್ ಎಣ್ಣೆ ಹೊಟ್ಟೆಗಲ್ಲ. ಕೆಮ್ಮು ಎರಡು ವಾರ ದಾಟಿದರೆ ಕಷಾಯ ಬಿಟ್ಟು ಕಫ ಪರೀಕ್ಷೆಗೆ ಹೋಗಿ.