ಫೋನಿಗೆ ಕಾಣುವ ವೈಫೈ ಟಿವಿ ಸ್ಟಿಕ್‌ಗೆ ಕಾಣದಿದ್ದಾಗ: ನನ್ನ ಅನುಭವ

ಟಿವಿಗೆ ಸಿಕ್ಕಿಸಿದ ಸ್ಟ್ರೀಮಿಂಗ್ ಸ್ಟಿಕ್ ಪದೇ ಪದೇ ಸಂಪರ್ಕ ಕಳೆದುಕೊಳ್ಳುತ್ತಿದೆ, ಆದರೆ ಅದೇ ಕೋಣೆಯಲ್ಲಿ ಫೋನಿಗೆ ವೈಫೈ ಚೆನ್ನಾಗಿಯೇ ಸಿಗುತ್ತಿದೆ ಎಂದಾದರೆ, ಹೊಸ ರೂಟರಿಗೆ ದುಡ್ಡು ಸುರಿಯುವ ಮೊದಲು ಒಂದು ಮಾತು ವಿಚಾರಿಸಿ: ಆ ಸ್ಟಿಕ್ ಕೊಂಡದ್ದು ಎಲ್ಲಿ? ನಮ್ಮ ಮನೆಯದು ಅಮೆರಿಕದಿಂದ ಬಂದದ್ದು, ಅಕ್ಕನ ಮಗ ರಜೆಗೆ ಬಂದಾಗ ತಂದುಕೊಟ್ಟದ್ದು. ಕಾರಣ ಅಲ್ಲೇ ಇದೆ ಎಂದು ನಾನು ಹೇಳಿದಾಗ ಒಬ್ಬರೂ ನಂಬಲಿಲ್ಲ. ಅದನ್ನು ಸರಿಪಡಿಸಿ ಈಗ ವರ್ಷದ ಮೇಲಾಯಿತು, ಸಂಪರ್ಕ ಒಮ್ಮೆಯೂ ಹೀಗೆ ತಪ್ಪಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಸಿಸಿ ಕ್ಯಾಮೆರಾ ಮತ್ತು ಡಿಟಿಎಚ್ ಅಳವಡಿಸುವ ಕೆಲಸ ಮಾಡುತ್ತೇನೆ. ನಮ್ಮದು ಅಗ್ರಹಾರದ ಹಳೆಯ ಮನೆ. ಒಂದೂವರೆ ಅಡಿ ದಪ್ಪದ ಗೋಡೆ, ಗಾರೆಯ ಗಿಲಾವು. ಎರಡೂ ಕಡೆ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಹಾಗಾಗಿ ಫೋನಿನಲ್ಲಿ ಹುಡುಕಿದರೆ ಇಪ್ಪತ್ತಕ್ಕೂ ಹೆಚ್ಚು ವೈಫೈ ಹೆಸರುಗಳು ಬರುತ್ತವೆ. ರೂಟರ್ ಮುಂಬಾಗಿಲ ಬಳಿ, ಟಿವಿ ನಡುಮನೆಯಲ್ಲಿ. ರೂಟರ್ ಬಿಡುವ ಎರಡು ಬಗೆಯ ಅಲೆಗಳಲ್ಲಿ 5 ಗಿಗಾಹರ್ಟ್ಸ್‌ನದು ಆ ಗೋಡೆ ದಾಟುವಷ್ಟರಲ್ಲಿ ಸೊರಗಿ ಮೈನಸ್ 78 ಡಿಬಿಎಂನ ಆಸುಪಾಸಿಗೆ ಇಳಿಯುತ್ತದೆ (ಇದು ಅಲೆಯ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ಹೀಗಾಗಿ 2.4 ಗಿಗಾಹರ್ಟ್ಸ್ ಬಿಟ್ಟರೆ ಗತಿಯಿಲ್ಲ. ಅದು ಟಿವಿಯ ಬಳಿಯೂ ಮೈನಸ್ 60ರಷ್ಟು ಸಿಗುತ್ತಿತ್ತು. ಅಂದರೆ ಅಲೆಯ ಬಲಕ್ಕೆ ಕೊರತೆ ಇರಲಿಲ್ಲ.

ಆದರೂ ವಾರಕ್ಕೆ ಎರಡು ಮೂರು ಸಲ ಸ್ಟಿಕ್ "ನೆಟ್‌ವರ್ಕ್ ಇಲ್ಲ" ಎನ್ನುತ್ತಿತ್ತು. ಕೆಲವೊಮ್ಮೆ ಇಡೀ ರಾತ್ರಿ ಹಾಗೆಯೇ, ಮರುದಿನ ತಾನಾಗಿಯೇ ಸರಿ. ಈ ತಾನಾಗಿ ಸರಿಹೋಗುವ ಗುಣವೇ ಎಲ್ಲರ ದಾರಿ ತಪ್ಪಿಸಿತು. ಸ್ಟಿಕ್ ಕಿತ್ತು ಮತ್ತೆ ಹಾಕಿದಾಗ ಬಂದರೆ ಅದರಿಂದಲೇ ಬಂದಿತು ಎಂದು ತಿಳಿಯುವವರೇ ಹೆಚ್ಚು.

ಹಣದ ವಿಷಯವನ್ನು ವಿವರವಾಗಿಯೇ ಹೇಳುತ್ತೇನೆ. ಇಂಟರ್ನೆಟ್ ಸಂಪರ್ಕ ಕೊಟ್ಟವರ ಕಡೆಯ ಹುಡುಗ ಬಂದು, "ಸರ್, ವೇಗ ಸಾಲದು, ದೊಡ್ಡ ಪ್ಲಾನ್ ಹಾಕಿಸಿಕೊಳ್ಳಿ" ಎಂದ. ತಿಂಗಳಿಗೆ ಸುಮಾರು 250 ರೂಪಾಯಿ ಹೆಚ್ಚಾಯಿತು. ಪೂರ್ಣ ಎಚ್‌ಡಿ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದೇ 5 ಎಂಬಿಪಿಎಸ್, 4ಕೆಗೆ 15. ಸಂಪರ್ಕವೇ ಇಲ್ಲದಾಗ ನೂರಿದ್ದರೇನು, ಇನ್ನೂರಿದ್ದರೇನು? ಮನೆಯವರ ಒತ್ತಾಯಕ್ಕೆ ಒಪ್ಪಿದೆ. ಎರಡು ತಿಂಗಳಲ್ಲಿ ಹಳೆಯ ಪ್ಲಾನಿಗೇ ಮರಳಿದೆವು. ಆಮೇಲೆ ಭಾವ ವೈಫೈ ಅಲೆಯನ್ನು ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ತಂದರು, ನೆನಪಿದ್ದಂತೆ 1,400 ರೂಪಾಯಿ. ಅದನ್ನು ನಡುಮನೆಯಲ್ಲೇ ಸಿಕ್ಕಿಸಿದರೂ ಸ್ಟಿಕ್‌ಗೆ ಸಂಪರ್ಕ ತಪ್ಪುತ್ತಲೇ ಇತ್ತು. ರೂಟರಿನಿಂದ ಟಿವಿಗೆ ಲ್ಯಾನ್ ಕೇಬಲ್ ಎಳೆಯುವುದು ನನಗೆ ಅರ್ಧ ದಿನದ ಕೆಲಸ. ಆದರೆ ಗಾರೆ ಗೋಡೆಗೆ ಡ್ರಿಲ್ ಇಡಲು ಅಮ್ಮ ಖಂಡಿತ ಒಪ್ಪಲಿಲ್ಲ. ಸ್ಟಿಕ್‌ಗೆಂದು ಕೊಂಡ 900 ರೂಪಾಯಿಯ ಲ್ಯಾನ್ ಅಡಾಪ್ಟರ್ ಆಮೇಲೆ ಬೇರೊಂದು ಮನೆಗೆ ಹೋಯಿತು.

ಇಲ್ಲಿ ಒಂದು ಅಡ್ಡಮಾತು. ಸ್ಟಿಕ್ ಸಂಪರ್ಕ ಕಳೆದುಕೊಳ್ಳುವುದು ಬೇರೆ, ಸ್ಟಿಕ್ಕೇ ಆರಿ ಹೊತ್ತುವುದು ಬೇರೆ. ಪರದೆಯ ಮೇಲೆ ಕಂಪನಿಯ ಲಾಂಛನ ಮತ್ತೆ ಬಂದರೆ ಅದು ವಿದ್ಯುತ್ತಿನ ದೋಷ, ವೈಫೈನದಲ್ಲ. ಟಿವಿಯ ಹಳೆಯ ಯುಎಸ್‌ಬಿ ಕಿಂಡಿ ಕೊಡುವುದು ಅರ್ಧ ಆಂಪಿಯರ್, ಇಂಥ ಸ್ಟಿಕ್‌ಗಳಿಗೆ ಬೇಕಾದದ್ದು ಸಾಮಾನ್ಯವಾಗಿ 5 ವೋಲ್ಟಿನಲ್ಲಿ 1 ಆಂಪಿಯರ್. ಅಮೆರಿಕದ ಅಡಾಪ್ಟರ್ 100ರಿಂದ 240 ವೋಲ್ಟಿನವರೆಗೆ ತಡೆದುಕೊಳ್ಳುತ್ತದೆ ಎಂದು ಅದರ ಮೇಲೇ ಮುದ್ರಿಸಿರುತ್ತದೆ, ಆ ಭಯ ಬೇಡ. ತೊಂದರೆ ಕೊಡುವುದು ಚಪ್ಪಟೆ ಪಿನ್ನಿಗೆ ಹಾಕುವ ಕನ್ವರ್ಟರ್. ನಮ್ಮ ಸಾಕೆಟ್‌ನಲ್ಲಿ ಅದು ಸಡಿಲವಾಗಿ ಕೂರುತ್ತದೆ, ಪಕ್ಕದ ಸ್ವಿಚ್ ಒತ್ತಿದರೂ ಅಲುಗಾಡುತ್ತದೆ. 300 ಚಿಲ್ಲರೆ ರೂಪಾಯಿಗೆ ಇಲ್ಲಿನದೇ ಒಳ್ಳೆಯ ಅಡಾಪ್ಟರ್ ಹಾಕಿದೆ. ಲಾಂಛನ ಬರುವುದು ನಿಂತಿತು. ನೆಟ್‌ವರ್ಕ್ ಹೋಗುವುದು ಮಾತ್ರ ಮುಂದುವರಿಯಿತು.

ಆಗ ಗೋಡೆಯ ಕ್ಯಾಲೆಂಡರಿನಲ್ಲಿಯೇ ಬರೆದಿಡತೊಡಗಿದೆ: ಯಾವಾಗ ಹೋಯಿತು, ಅದಕ್ಕೆ ಮೊದಲು ಮನೆಯಲ್ಲಿ ಏನಾಯಿತು. ಕೆಲವೇ ವಾರಗಳಲ್ಲಿ ವಿಷಯ ಸ್ಪಷ್ಟವಾಯಿತು. ಬಹುತೇಕ ಪ್ರತಿ ಸಲವೂ ಅದಕ್ಕೆ ಮೊದಲು ಕರೆಂಟ್ ಹೋಗಿ ಬಂದಿತ್ತು. ಇನ್ವರ್ಟರ್ ಇದ್ದರೂ ಅದು ಬದಲಾಗುವ ಕ್ಷಣದಲ್ಲಿ ರೂಟರ್ ಒಮ್ಮೆ ಆರಿ ಹೊತ್ತುತ್ತದೆ. ಹೊತ್ತಿದಾಗ ಏನು ಮಾಡುತ್ತದೆ? 2.4 ಗಿಗಾಹರ್ಟ್ಸ್ ಅಲೆಯೊಳಗೆ ಚಾನೆಲ್ ಎಂಬ, ಸಂಖ್ಯೆ ಹಾಕಿದ ಓಣಿಗಳಿವೆ. ಚಾನೆಲ್ "ಆಟೋ" ಎಂದಿದ್ದರೆ ರೂಟರ್ ಸುತ್ತಲಿನ ವೈಫೈಗಳ ಗದ್ದಲ ಅಳೆದು ಖಾಲಿ ಜಾಗ ಹುಡುಕುತ್ತದೆ. ನಮ್ಮ ಬೀದಿಯಲ್ಲಿ ಸಾಮಾನ್ಯವಾಗಿ ಬಳಸುವ 1, 6, 11 ಎಲ್ಲವೂ ತುಂಬಿ ತುಳುಕುತ್ತಿವೆ. ಖಾಲಿ ಇದ್ದದ್ದು ಮೇಲಿನ ತುದಿಯ 12 ಮತ್ತು 13.

ಭಾರತದಲ್ಲಿ ಚಾನೆಲ್ 13ರವರೆಗೆ ಬಳಸಬಹುದು. ಅಮೆರಿಕದ ಮಾರುಕಟ್ಟೆಗೆ ಮಾಡಿದ ಸಾಧನಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. ರೂಟರ್ 13ಕ್ಕೆ ಏರಿದೊಡನೆ ನಮ್ಮ ಸ್ಟಿಕ್‌ನ ಪಾಲಿಗೆ ಮನೆಯಲ್ಲಿ ವೈಫೈಯೇ ಇಲ್ಲ, ಪಟ್ಟಿಯಲ್ಲಿ ಹೆಸರೂ ಬರುವುದಿಲ್ಲ. ಇಲ್ಲಿ ಕೊಂಡ ಫೋನುಗಳಿಗೆ ಮಾತ್ರ ಏನೂ ವ್ಯತ್ಯಾಸವಾಗುವುದಿಲ್ಲ. ಮುಂದಿನ ಸಲ ಕರೆಂಟ್ ಹೋಗಿ ಬಂದು ರೂಟರ್ 6ನ್ನು ಆರಿಸಿಕೊಂಡರೆ ಎಲ್ಲ "ತಾನಾಗಿ" ಸರಿ. ರಿಪೀಟರ್ ಏಕೆ ಕೆಲಸಕ್ಕೆ ಬರಲಿಲ್ಲ ಎಂಬುದಕ್ಕೂ ಇದೇ ಉತ್ತರ. ಒಂದೇ ರೇಡಿಯೋ ಇರುವ ಅಗ್ಗದ ರಿಪೀಟರ್ ಮೂಲ ರೂಟರಿನ ಚಾನೆಲ್‌ನಲ್ಲಿಯೇ ಕೂರುತ್ತದೆ, ಅದು 13ಕ್ಕೆ ಹೋದರೆ ಇದೂ ಹಿಂದೆಯೇ ಹೋಗುತ್ತದೆ.

"ಫೋನಿನಲ್ಲಿ ಬರುತ್ತಿದೆಯಲ್ಲ, ಮತ್ತೆ ರೂಟರಿನ ತಪ್ಪು ಹೇಗಾಗುತ್ತದೆ?" ಎಂದು ಭಾವ ವಾದಿಸಿದರು. ಸಂಪರ್ಕದ ಹುಡುಗ ಅಂಥದ್ದೇನೂ ಇರುವುದಿಲ್ಲ ಎಂದು ನಕ್ಕ. ಭಾನುವಾರ ಇಬ್ಬರನ್ನೂ ಕೂರಿಸಿಕೊಂಡು ರೂಟರಿನ ಪುಟ ತೆರೆದು ಕೈಯಾರೆ 13 ಇಟ್ಟೆ. ಸ್ಟಿಕ್‌ನ ಪಟ್ಟಿಯಿಂದ ನಮ್ಮ ಮನೆಯ ಹೆಸರು ಮಾಯ. 11 ಇಟ್ಟೆ, ಬಂತು. 12 ಇಟ್ಟೆ, ಹೋಯಿತು. ಪಕ್ಕದ ಮನೆಯಿಂದ ಇಲ್ಲೇ ಕೊಂಡ ಇನ್ನೊಂದು ಸ್ಟಿಕ್ ತಂದು ಹಾಕಿದೆ, ಅದಕ್ಕೆ 13ರಲ್ಲೂ ಹೆಸರು ಕಂಡಿತು. ಮತ್ತೆ ಯಾರೂ ವಾದ ಮಾಡಲಿಲ್ಲ. ಆ ಹುಡುಗ ಈಗ ಇಂಥ ದೂರು ಬಂದಾಗ ನನಗೇ ಫೋನ್ ಮಾಡುತ್ತಾನೆ.

ಅಮೆರಿಕದಿಂದ ಬಂದದ್ದೆಲ್ಲ ಹೀಗೆಯೇ ಎಂದು ತಿಳಿಯಬೇಡಿ. ಸುತ್ತಲಿನ ರೂಟರುಗಳು ಸಾರುವ ದೇಶದ ಸಂಕೇತವನ್ನು ಓದಿ ತಮ್ಮನ್ನು ಹೊಂದಿಸಿಕೊಳ್ಳುವ ಸಾಧನಗಳೂ ಇವೆ. ಅದಕ್ಕೇ ಮೇಲಿನ ಪರೀಕ್ಷೆ ಮಾಡಿಯೇ ತೀರ್ಮಾನಿಸಬೇಕು.

ಪರಿಹಾರಕ್ಕೆ ಆದ ಖರ್ಚು ಸೊನ್ನೆ. ಆಟೋ ತೆಗೆದು ಚಾನೆಲ್ 11ಕ್ಕೆ ಕಟ್ಟಿಹಾಕಿದೆ, ಚಾನೆಲ್‌ನ ಅಗಲವನ್ನು 40ರಿಂದ 20 ಮೆಗಾಹರ್ಟ್ಸ್‌ಗೆ ಇಳಿಸಿದೆ. ರೂಟರಿನಲ್ಲಿ ದೇಶವನ್ನೇ ಅಮೆರಿಕ ಎಂದು ಬದಲಿಸುವ ಉಪಾಯ ಕೆಲವರು ಹೇಳುತ್ತಾರೆ, ಅದು ಬೇಡ. ಅಲೆಯ ಬಲ, ಚಾನೆಲ್ ಎರಡಕ್ಕೂ ದೇಶ ದೇಶಕ್ಕೆ ನಿಯಮ ಬೇರೆ. ಸಂಪರ್ಕ ಕೊಟ್ಟವರು ದೂರದಿಂದಲೇ ರೂಟರಿನ ತಂತ್ರಾಂಶ ಬದಲಿಸಿದಾಗ ಈ ಹೊಂದಾಣಿಕೆ ಅಳಿಸಿ ಮತ್ತೆ ಆಟೋ ಆಗುವುದುಂಟು. ಅದು ಅಳಿಯದಂತೆ ನಾನು ಒಂದು ಏರ್ಪಾಡು ಮಾಡುತ್ತೇನೆ. ಅದು ನನ್ನ ಹೊಟ್ಟೆಪಾಡಿನ ಗುಟ್ಟು, ಇಲ್ಲಿ ಬರೆಯುವುದಿಲ್ಲ.

ಕೈ ಸುಮ್ಮನಿರದೆ ಇನ್ನೂ ಕೆಲವು ಪ್ರಯೋಗ ಮಾಡಿದೆ. ಮೈಕ್ರೋವೇವ್ ಒಲೆ ಹಚ್ಚಿಟ್ಟು ಚಿತ್ರ ನೋಡಿದೆ: ಅದೂ 2.45 ಗಿಗಾಹರ್ಟ್ಸ್‌ನ ಆಸುಪಾಸಿನದೇ. ಚಿತ್ರ ಮಸುಕಾಯಿತು, ಸುತ್ತು ತಿರುಗಿತು, ಆದರೆ ಪಟ್ಟಿಯಿಂದ ಹೆಸರು ಹೋಗಲಿಲ್ಲ. ಗದ್ದಲದ ತೊಂದರೆಗೂ ಚಾನೆಲ್ ತೊಂದರೆಗೂ ಇರುವ ವ್ಯತ್ಯಾಸದ ಗುರುತು ಅದೇ. ರೂಟರಿನ ಹಿಂದೆ ಅಡುಗೆಯ ಅಲ್ಯೂಮಿನಿಯಂ ಹಾಳೆ ಬಾಗಿಸಿ ನಿಲ್ಲಿಸಿದಾಗ ಟಿವಿಯ ಕಡೆ ನಾಲ್ಕೈದು ಡೆಸಿಬೆಲ್ ಹೆಚ್ಚಿತು, ಜಗುಲಿಯಲ್ಲಿ ಅಪ್ಪನ ಫೋನಿಗೆ ಅಷ್ಟೇ ಕಡಿಮೆಯಾಯಿತು. ಅವರು ಬೈದು ತೆಗೆಸಿದರು. ಟಿವಿಯ ಬೆನ್ನಿಗೆ ಅಂಟಿದ್ದ ಸ್ಟಿಕ್ಕನ್ನು ಗೇಣುದ್ದದ ಎಚ್‌ಡಿಎಂಐ ತುಂಡು ಹಾಕಿ ಪಕ್ಕಕ್ಕೆ ಇಳಿಬಿಟ್ಟದ್ದು ಮಾತ್ರ ನಿಜವಾದ ಲಾಭ. ಬಿಸಿಯೂ ಕಡಿಮೆಯಾಯಿತು, ಅಲೆಯೂ ಸುಧಾರಿಸಿತು.

ಕೊನೆಗೆ ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿದೆ, ಸುಮಾರು 1,500 ರೂಪಾಯಿ. ಚಾನೆಲ್ ಕಟ್ಟಿಹಾಕಿದ ಮೇಲೆ ಅದು ಅಗತ್ಯವೇನಲ್ಲ, ಆದರೆ ಕರೆಂಟ್ ಹೋದಾಗ ಕ್ಯಾಮೆರಾಗಳೂ ನಿಲ್ಲದೆ ನಡೆಯುತ್ತವೆ. ಈಚೆಗೆ ಕುವೆಂಪುನಗರ, ವಿಜಯನಗರದ ಕಡೆ ಮಕ್ಕಳು ಅಮೆರಿಕದಲ್ಲಿರುವ ಐದಾರು ಮನೆಗಳಲ್ಲಿ ಇದೇ ದೋಷ ಹಿಡಿದಿದ್ದೇನೆ. ಹತ್ತು ನಿಮಿಷದ ಕೆಲಸ, 300 ರೂಪಾಯಿ ತೆಗೆದುಕೊಳ್ಳುತ್ತೇನೆ. ಆ ಮನೆಗಳ ಪೈಕಿ ಎರಡರಲ್ಲಿ ಹೊಸ ರೂಟರ್ ಆಗಲೇ ಬಂದು ಡಬ್ಬಿಯಲ್ಲಿ ಕುಳಿತಿತ್ತು. ಅದನ್ನು ಅಂಗಡಿಗೆ ಹಿಂತಿರುಗಿಸಿ ಎಂದು ಹೇಳಿ ಬಂದೆ.