ಪೌಲನ ‘ನೂಸ್’: ನಾನು ಓದಿ ತಿಳಿದುಕೊಂಡ ರೀತಿ

ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ‘ನೂಸ್’ ಎಂಬ ಗ್ರೀಕ್ ಪದ ಬರುವುದು ಬರೀ 24 ಸಲ, ಅದೂ 22 ವಚನಗಳಲ್ಲಿ. ಕನ್ನಡ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲ್ಲಿನಲ್ಲಿ, ಇದು ಕೆಲವು ಕಡೆ ‘ಮನಸ್ಸು’ ಆಗಿದೆ, ಕೆಲವು ಕಡೆ ‘ಬುದ್ಧಿ’. ನಮ್ಮ ಚರ್ಚಿನ ಸಭೆಯಲ್ಲಿ, ಆದಿ ಕ್ರೈಸ್ತ ಬೋಧಕನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ (ಅಂದರೆ ಪತ್ರದ; ಚಿಕ್ಕದಾಗಿ ‘ರೋಮಾ’) ಪಾಠ ನಡೆಸುವ ಹೊಣೆ ನನಗೆ ಬಂದಾಗ, ಈ ಪದವನ್ನು ಪೂರ್ತಿ ನೋಡಿಯೇ ಬಿಡೋಣ ಅಂದುಕೊಂಡೆ. 22 ವಚನ ಅಂದರೆ ಒಂದು ನೋಟ್‌ಬುಕ್ಕಿನಲ್ಲಿ ಆರಾಮಾಗಿ ಬರೆದುಕೊಳ್ಳಬಹುದು, ಅಲ್ವಾ?

ಬೈಬಲ್ಲಿನ ಮೂಲ ಪದಗಳಿಗೆ ನಂಬರ್ ಕೊಟ್ಟು, ಯಾವ ಪದ ಎಲ್ಲೆಲ್ಲಿ ಬರುತ್ತದೆ ಅಂತ ತೋರಿಸುವ ಸ್ಟ್ರಾಂಗ್ಸ್ ಕನ್ಕಾರ್ಡೆನ್ಸ್‌ನಲ್ಲಿ ಇದರ ನಂಬರ್ 3563. ಆ ನಂಬರ್ ಹಿಡಿದು ಹೊರಟರೆ ಗ್ರೀಕ್ ವ್ಯಾಕರಣ ಜಾಸ್ತಿ ಬರದವರಿಗೂ ಕಷ್ಟವಿಲ್ಲ. ನೂಸ್, ನೊಓಸ್, ನೊಯಿ, ನೂನ್ ಅಂತ ಬೇರೆ ಬೇರೆ ರೂಪ ಕಂಡರೂ ಎಲ್ಲ ಒಂದೇ ಪದ, ವಿಭಕ್ತಿ ಮಾತ್ರ ಬೇರೆ. ಎಡಗಡೆ ವಚನ ಬರೆದೆ. ಬಲಗಡೆ ಒಂದೇ ಪ್ರಶ್ನೆ: ಇಲ್ಲಿ ನೂಸ್ ಏನು ಕೆಲಸ ಮಾಡುತ್ತಿದೆ? ನಿಘಂಟನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ಅದರಲ್ಲಿ ನಾಲ್ಕೈದು ಅರ್ಥ ಸಾಲಾಗಿ ಇರುತ್ತವೆ. ಮೊದಲೇ ನೋಡಿದರೆ ನಮಗೆ ಹಿಡಿಸಿದ್ದನ್ನು ಆರಿಸಿಕೊಂಡು ಸುಮ್ನೆ ಮುಂದೆ ಹೋಗಿಬಿಡುತ್ತೇವೆ.

ಪಟ್ಟಿ ಮುಗಿದಾಗ ಕಂಡದ್ದು ಇದು: 24ರಲ್ಲಿ 21 ಸಲ ಪೌಲನ ಹೆಸರಿನ ಪತ್ರಿಕೆಗಳಲ್ಲೇ ಬಂದಿದೆ. ಉಳಿದದ್ದು ಲೂಕ 24:45ರಲ್ಲಿ ಒಂದು, ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಎರಡು. ‘ಪೂರ್ಣ ಬುದ್ಧಿಯಿಂದ’ ದೇವರನ್ನು ಪ್ರೀತಿಸಬೇಕು ಎನ್ನುವ ಮಾರ್ಕ 12:30ರಲ್ಲಿ ಇರುವುದು ನೂಸ್ ಅಲ್ಲ, ‘ಡಿಯಾನೋಯಿಯಾ’, ಅಂದರೆ ಆಲೋಚನಾಶಕ್ತಿ. ರೋಮಾ 8:6ರಲ್ಲಿ ಇರುವುದು ‘ಫ್ರೊನೇಮ’, ಅಂದರೆ ಮನಸ್ಸು ವಾಲಿರುವ ದಿಕ್ಕು. ಇವೆಲ್ಲ ಹತ್ತಿರದ ಪದಗಳೇ. ಆದರೂ ಅವಕ್ಕೆ ಬೇರೆ ಪುಟ ಕೊಟ್ಟೆ.

ನನಗೆ ವಿಷಯ ನಿಜವಾಗಿ ಬಿಡಿಸಿಕೊಂಡದ್ದು ರೋಮಾ 1:28 ಮತ್ತು 12:2ನ್ನು ಅಕ್ಕಪಕ್ಕ ಬರೆದಾಗ. ಮೊದಲನೆಯದರಲ್ಲಿ ಜನ ದೇವರನ್ನು ತಮ್ಮ ಅರಿವಿನಲ್ಲಿ ಇಟ್ಟುಕೊಳ್ಳುವುದು ಬೇಡವೆಂದರು. ಆಗ ದೇವರು ಅವರನ್ನು ‘ಅಡೊಕಿಮೊಸ್’ ಆದ ನೂಸ್‌ಗೆ ಬಿಟ್ಟುಬಿಟ್ಟನು. ‘ಬೇಡವೆಂದರು’ ಎನ್ನುವಲ್ಲಿ ಪೌಲನು ಬಳಸಿದ ಕ್ರಿಯಾಪದ ‘ಡೊಕಿಮಾಜೊ’: ಪರೀಕ್ಷೆ ಮಾಡಿ, ಸರಿ ಅಂತ ಒಪ್ಪಿಕೊಳ್ಳುವುದು. 1 ಪೇತ್ರ 1:7ರಲ್ಲಿ ಬಂಗಾರವನ್ನು ಬೆಂಕಿಯಲ್ಲಿ ಶೋಧಿಸುವುದಕ್ಕೂ ಇದೇ ಪದ ಇದೆ. ‘ಅಡೊಕಿಮೊಸ್’ ಅಂದರೆ ಆ ಪರೀಕ್ಷೆಯಲ್ಲಿ ನಿಲ್ಲದ್ದು. ದೇವರನ್ನು ಪರೀಕ್ಷಿಸಿ ಬೇಡ ಅಂದವರಿಗೆ, ಪರೀಕ್ಷೆಯಲ್ಲಿ ನಿಲ್ಲದ ನೂಸ್ ಉಳಿಯಿತು. ಇನ್ನು 12:2ಕ್ಕೆ ಬನ್ನಿ. ನೂಸ್ ಹೊಸದಾಗಬೇಕು ಎನ್ನುತ್ತಾನೆ. ಯಾಕೆ? ದೇವರ ಚಿತ್ತ ಯಾವುದೆಂದು ‘ಡೊಕಿಮಾಜೊ’ ಮಾಡುವುದಕ್ಕೆ. ಅದೇ ಕ್ರಿಯಾಪದ ಮತ್ತೆ ಬಂತು!

ಅಂದರೆ ಪೌಲನ ಪ್ರಕಾರ ನೂಸ್‌ನ ಮುಖ್ಯ ಕೆಲಸ ಒರೆಗೆ ಹಚ್ಚಿ ನೋಡುವುದು. ಯಾವುದು ಅಪ್ಪಟ, ಯಾವುದು ಖೋಟಾ ಅಂತ ತೀರ್ಮಾನ ಮಾಡುವುದು. ಮೊದಲ ಅಧ್ಯಾಯದಲ್ಲಿ ಕೆಟ್ಟುಹೋದ ಈ ಶಕ್ತಿ 12ನೇ ಅಧ್ಯಾಯದಲ್ಲಿ ಹೊಸದಾಗುತ್ತದೆ. ನಡುವೆ ಇರುವ ಅಷ್ಟೂ ಅಧ್ಯಾಯಗಳು ಅದು ಹೇಗೆ ಸಾಧ್ಯ ಅಂತ ಹೇಳುತ್ತವೆ ಎಂದೇ ನಾನು ಓದುತ್ತೇನೆ.

ಹೀಗೆ ಹಿಡಿದರೆ ರೋಮಾ 14:5 ಕೂಡ ಸರಿಯಾಗಿ ಕೂರುತ್ತದೆ. ಒಬ್ಬನು ಒಂದು ದಿನವನ್ನು ವಿಶೇಷ ಅಂತಾನೆ, ಇನ್ನೊಬ್ಬನು ಎಲ್ಲ ದಿನವೂ ಒಂದೇ ಅಂತಾನೆ. ಪೌಲನು ಇಬ್ಬರಿಗೂ ಒಂದೇ ಮಾತು ಹೇಳುತ್ತಾನೆ: ಪ್ರತಿಯೊಬ್ಬನು ತನ್ನ ನೂಸ್‌ನಲ್ಲಿ ನಿಶ್ಚಯ ಮಾಡಿಕೊಂಡಿರಲಿ. ಇದು ಭಾವನೆಯ ಮಾತಲ್ಲ, ಓದು-ಬರಹದ ಜಾಣತನವೂ ಅಲ್ಲ.

ಪಾಠದಲ್ಲಿ ಇದನ್ನು ಹೇಳಲು ನನಗೆ ನೆರವಾದದ್ದು ನಮ್ಮದೇ ಆಡುಮಾತು. ‘ಮನಸ್ಸಿಗೆ ಬೇಜಾರು’ ಅನ್ನುವಾಗಿನ ಮನಸ್ಸು ನೂಸ್ ಅಲ್ಲ. ‘ಅವನು ಮನಸ್ಸು ಮಾಡಿದರೆ ಆಗುತ್ತೆ’ ಅನ್ನುತ್ತೇವಲ್ಲ, ಆ ಮನಸ್ಸು ನೂಸ್‌ಗೆ ಬಹಳ ಹತ್ತಿರ. ಆದರೆ ಮನಸ್ಸು ಮಾಡಿದರೆ ಎಲ್ಲ ಆಗುತ್ತದೆ ಅಂತ ಪೌಲನು ಎಲ್ಲೂ ಹೇಳುವುದಿಲ್ಲ. ರೋಮಾ 7:23ರಲ್ಲಿ ನೂಸ್ ಒಪ್ಪಿದ ನಿಯಮದ ಮೇಲೆ ಇನ್ನೊಂದು ನಿಯಮ ಯುದ್ಧಕ್ಕೆ ಬಂದು ‘ನನ್ನನ್ನು’ ಸೆರೆ ಹಿಡಿಯುತ್ತದೆ ಅಂತಾನೆ.

ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರಿಕೆಯ, ಅಂದರೆ 1 ಕೊರಿಂಥ 2:16ರ, ‘ಕ್ರಿಸ್ತನ ಮನಸ್ಸು’ ನನ್ನನ್ನು ತುಂಬ ಹೊತ್ತು ಹಿಡಿದಿಟ್ಟಿತು. ಅಲ್ಲಿ ಪೌಲನು ಹಳೆಯ ಒಡಂಬಡಿಕೆಯ ಯೆಶಾಯ 40:13ನ್ನು ಎತ್ತಿ ಹೇಳುತ್ತಾನೆ. ಯೆಶಾಯನ ಹೀಬ್ರೂವಿನಲ್ಲಿ ಇರುವುದು ‘ರೂಆಖ್’, ಅಂದರೆ ಯೆಹೋವನ ಆತ್ಮ. ಹಳೆಯ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್ ಅದನ್ನು ನೂಸ್ ಅಂತ ಮಾಡಿತು. ಪೌಲನು ಅದನ್ನೇ ಬಳಸಿದ. ಆ ಅಧ್ಯಾಯದಲ್ಲಿ 10ನೇ ವಚನದಿಂದ ಮಾತೆಲ್ಲ ದೇವರಾತ್ಮನ ಸುತ್ತಲೇ ಇದೆ. ಹಾಗಾಗಿ ‘ಕ್ರಿಸ್ತನ ಮನಸ್ಸು’ ನಾವು ಪ್ರಯತ್ನಪಟ್ಟು ಬೆಳೆಸಿಕೊಳ್ಳುವ ಗುಣ ಅಂತ ಪಾಠ ಮಾಡಲು ನನಗೆ ಆಗಲಿಲ್ಲ. ಅದು ಆತ್ಮನ ಮೂಲಕ ಸಿಕ್ಕಿದ್ದು.

ನೀವು ಇದನ್ನು ಮಾಡುವುದಾದರೆ 1 ಕೊರಿಂಥ 14ರಿಂದ ಶುರು ಮಾಡಿ. ಅಲ್ಲಿ ಅರ್ಥ ಅತಿ ಸುಲಭ: ಅರ್ಥವಾಗದ ಭಾಷೆಯಲ್ಲಿ ಹತ್ತು ಸಾವಿರ ಮಾತಿಗಿಂತ, ಬೇರೆಯವರಿಗೆ ಕಲಿಸುವಂಥ ಐದು ಮಾತನ್ನು ನೂಸ್‌ನಿಂದ ಆಡುವುದೇ ನನಗಿಷ್ಟ ಅಂತಾನೆ ಪೌಲನು. ಆಮೇಲೆ ರೋಮಾ. ಪ್ರಕಟನೆ 13:18 ಮತ್ತು 17:9 ಕೊನೆಗಿರಲಿ. ಮೃಗದ ಸಂಖ್ಯೆ, ಏಳು ಬೆಟ್ಟ ಅಂತ ಚರ್ಚೆ ಅತ್ತ ತಿರುಗಿದರೆ ಆ ಸಂಜೆ ನೂಸ್ ಕಡೆಗೆ ಯಾರೂ ವಾಪಸ್ ಬರುವುದಿಲ್ಲ.