ನೋವಾ 350 ಇಂಜಿನ್ ಬಿಚ್ಚಿ ಕಟ್ಟಿ ಇಎಫ್ಐ ಹಾಕಿದ ನನ್ನ ಅನುಭವ

ಹೋದ ಆಗಸ್ಟ್ ಮೂರನೇ ಶನಿವಾರ ಡೆಟ್ರಾಯ್ಟ್ ಹತ್ರ ವುಡ್‌ವರ್ಡ್ ರಸ್ತೇಲಿ ನಡೆಯೋ ಹಳೇ ಕಾರುಗಳ ಮೆರವಣಿಗೆ, ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ನನ್ನ 1972ರ ಶೆವ್ರೊಲೆ ನೋವಾ ತಗೊಂಡ್ಹೋಗಿದ್ದೆ. ಮೂರೂವರೆ ಗಂಟೆ ಆ ಟ್ರಾಫಿಕ್ಕಲ್ಲಿ ಇಂಚಿಂಚೇ ಉರುಳಿಸ್ಕೊಂಡು ಒಂದ್ಸಲಾನೂ ಆಫ್ ಆಗ್ದೆ ಮನೆಗೆ ಬಂದೆ. ಅದಕ್ಕೇ ಈಗ ಬರೀತಾ ಇರೋದು. ಎರಡು ವರ್ಷದ ಹಿಂದೆ ಇದೇ ರಸ್ತೇಲಿ, 13 ಮೈಲ್ ರೋಡ್ ಸಿಗ್ನಲ್ ಹತ್ರ ಇದೇ ಗಾಡಿ ನಿಂತ್ಹೋಗಿ ನಾನೂ ಇನ್ನಿಬ್ರು ಸೇರಿ ತಳ್ಳಿ ಪಕ್ಕಕ್ಕೆ ಹಾಕಿದ್ವಿ. ಫುಟ್‌ಪಾತಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದ ಹಿರಿಯರದ್ದೆಲ್ಲ ಒಂದೇ ಮಾತು, ಹಳೇ ಇಂಜಿನ್‌ಗೆ ಇಎಫ್ಐ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸೋ ವ್ಯವಸ್ಥೆ) ಆಗ್ಬರಲ್ಲ, ಕಿತ್ತು ಕಾರ್ಬ್ಯುರೇಟರ್ (ಕಾರ್ಬ್) ಹಾಕು ಅಂತ. ಡೆಟ್ರಾಯ್ಟ್ ಕಡೆ ಕಾರ್ ಕಂಪನಿಗಳಲ್ಲೇ ಕೆಲಸ ಮಾಡೋ ನಮ್ಮ ಕನ್ನಡದ ಗೆಳೆಯರೂ ಅದನ್ನೇ ಅಂದ್ರು. ನಾನು ಕೀಳ್ಲಿಲ್ಲ.

ಟಾರ್ಕ್ ಎಷ್ಟು, ಫೈರಿಂಗ್ ಆರ್ಡರ್ ಏನು ಅಂತೆಲ್ಲ ಬರೆಯಲ್ಲ, ಶೆವ್ರೊಲೆಯ ಈ ವಿ8 ಇಂಜಿನ್, ಅಂದ್ರೆ ಸ್ಮಾಲ್ ಬ್ಲಾಕ್ ಮುಟ್ಟಿದೋರಿಗೆ ಅದು ಬಾಯಿಪಾಠ. ಗಾಡಿ ಸಿಕ್ಕಿದ್ದು ಇಲ್ಲೇ, ಒಂಬತ್ತೂವರೆ ಸಾವಿರ ಡಾಲರ್ ಆಸುಪಾಸು. ವಿನ್ ನಂಬರಲ್ಲಿ (ಗಾಡಿಯ ಗುರುತಿನ ಸಂಖ್ಯೆ) ಡಬ್ಲ್ಯೂ ಇದೆ, ಅಂದ್ರೆ ವಿಲೋ ರನ್ ಫ್ಯಾಕ್ಟರಿಯಲ್ಲಿ ಹುಟ್ಟಿದ್ದು, ನನ್ನ ಮನೆಯಿಂದ ಅರ್ಧ ಗಂಟೆ ದಾರಿ, ಆ ಒಂದು ಅಕ್ಷರ ನೋಡೇ ಅಡ್ವಾನ್ಸ್ ಕೊಟ್ಬಿಟ್ಟೆ. 350 ಘನ ಇಂಚಿನ ಇಂಜಿನ್, ನಾಲ್ಕು ಬ್ಯಾರೆಲ್ ಕಾರ್ಬ್. 72ರಲ್ಲಿ ಕಂಪ್ರೆಶನ್ ಅನುಪಾತ ಎಂಟೂವರೆಗೆ ಒಂದು, ಪುಸ್ತಕದ ಪ್ರಕಾರ 200 ಹಾರ್ಸ್ ಪವರ್, ಅದೂ ನೆಟ್ ಲೆಕ್ಕ, ಅಂದ್ರೆ ಗಾಡೀಲಿರೋ ಹಾಗೆ ಸೈಲೆನ್ಸರ್, ಫ್ಯಾನ್ ಎಲ್ಲಾ ಜೋಡಿಸಿ ಅಳೆದಿದ್ದು. 1970ರಲ್ಲಿ ಇದೇ ಇಂಜಿನ್‌ಗೆ 300 ಅಂತ ಬರೀತಿದ್ರು, ಅದು ಗ್ರಾಸ್ ಲೆಕ್ಕ, ಬರೀ ಇಂಜಿನ್ ಅಳೆದಿದ್ದು, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸ್ಬೇಡಿ. ನಂದರಲ್ಲಿ ಅದೂ ಉಳ್ದಿರ್ಲಿಲ್ಲ, ಏಳನೇ ಸಿಲಿಂಡರ್ ಕಂಪ್ರೆಶನ್ ಸತ್ತಿತ್ತು, ಸೈಲೆನ್ಸರಲ್ಲಿ ನೀಲಿ ಹೊಗೆ.

ಕ್ರೇಟ್ ಇಂಜಿನ್ (ಕಟ್ಟಿ ರೆಡಿ ಮಾಡಿ ಪೆಟ್ಟಿಗೇಲಿ ಬರೋ ಹೊಸ ಇಂಜಿನ್) ತಗೊಂಡು ಇಳಿಸ್ಬಿಡು, ಎರಡೂ ಅಷ್ಟೇ ದುಡ್ಡು ಅಂತ ಎಲ್ರೂ ಹೇಳಿದ್ರು. ಲೆಕ್ಕ ನೋಡಿದ್ರೆ ಅವರು ಹೇಳಿದ್ದು ಸರೀನೇ. ಆದ್ರೆ ನಮ್ಮ ಸೋದರಮಾವ ತಿಪಟೂರಲ್ಲಿ ಲಾರಿ ಇಂಜಿನ್ ಬೋರ್ ಮಾಡೋರು, ನಾನು ಶಾಲೆ ರಜೆಯೆಲ್ಲ ಕಳೆದಿದ್ದು ಆ ಲೇತ್ ಪಕ್ಕದಲ್ಲೇ. ಈ ಇಂಜಿನ್ ನನ್ನ ಕೈಯಲ್ಲೇ ಎದ್ದೇಳ್ಬೇಕು ಅನ್ನೋದು ಬಿಟ್ರೆ ಬೇರೆ ಯಾವ ಆಸೇನೂ ಇರ್ಲಿಲ್ಲ. ಬ್ಲಾಕ್ ತೊಳೆಸಿ, ಕ್ರ್ಯಾಕ್ ಚೆಕ್ ಮಾಡ್ಸಿ, 30 ಥೌ (ಇಂಚಿನ ಸಾವಿರದಲ್ಲಿ 30 ಭಾಗ) ಬೋರ್, ಹೋನಿಂಗ್, ಕ್ರ್ಯಾಂಕ್ ಪಾಲಿಶ್, ಎಲ್ಲಾ ಸೇರಿ ಮೆಷಿನ್ ಶಾಪಿಗೆ 1400 ಚಿಲ್ಲರೆ. ಹೆಡ್ ಮಾತ್ರ ಹಳೇದು ಬೇಡ ಅಂತ 90ರ ದಶಕದ ಪಿಕಪ್ಪಿನ ವೋರ್ಟೆಕ್ ಹೆಡ್, 906 ನಂಬರಿಂದು, ಗುಜರಿಯಲ್ಲಿ ಜೋಡಿಗೆ 250ಕ್ಕೆ ಸಿಕ್ತು. ಪೆಟ್ರೋಲ್ ಉರಿಯೋ ಚೇಂಬರ್ 64 ಸಿಸಿ ಇರೋದ್ರಿಂದ ಫ್ಲಾಟ್ ಪಿಸ್ಟನ್ ಜೊತೆ ಕಂಪ್ರೆಶನ್ ಒಂಬತ್ತೂವರೆ ದಾಟ್ತು. ಇದಕ್ಕೆ ಗಾಳಿ-ಪೆಟ್ರೋಲ್ ಒಳಗೆ ಬಿಡೋ ಹಳೇ ಇಂಟೇಕ್ ಕೂರಲ್ಲ, ಬೋಲ್ಟ್ ಮಾದರೀನೇ ಬೇರೆ, ಆ ಖರ್ಚನ್ನ ಮೊದಲೇ ಲೆಕ್ಕಕ್ಕೆ ಹಿಡೀರಿ. ವಾಲ್ವ್ ಏಳೋ ಎತ್ತರ (ಲಿಫ್ಟ್) 460 ಥೌ ದಾಟಿದ್ರೆ ವಾಲ್ವ್ ಗೈಡ್ ತಲೆ ಕೆತ್ತಿಸ್ಲೇಬೇಕು.

ಮೊದಲ ಏಟು ಬಿದ್ದಿದ್ದು ವಾಲ್ವ್ ಎತ್ತೋ ಕ್ಯಾಮ್‌ಶಾಫ್ಟಿಗೆ. ದುಡ್ಡು ಉಳಿಸೋಣ ಅಂತ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಹಾಕಿದ್ದೆ, ಅದ್ರಲ್ಲಿ ಲಿಫ್ಟರ್ ಕ್ಯಾಮ್ ಮೇಲೆ ಉಜ್ಜಿಕೊಂಡೇ ಓಡತ್ತೆ. ಅದು ಮೊದಲ್ನೇ ಸಲ ಹತ್ತಿದ ತಕ್ಷಣ 2000 ಆರ್‌ಪಿಎಂಗೂ ಮೇಲೆ ಇಪ್ಪತ್ತು ನಿಮಿಷ ಓಡ್ಬೇಕು ಅನ್ನೋದು ನಿಮಗೆ ಗೊತ್ತಿರೋದೇ, ಜಿಂಕ್ ಇರೋ ಆಯಿಲೂ ಹಾಕಿದ್ದೆ. ಆದ್ರೆ ಆಗಿನ ಹಳೇ ಕಾರ್ಬ್ ಬೌಲ್ ಒಣಗಿತ್ತು, ಟೈಮಿಂಗ್ ಒಂದು ಹಲ್ಲು ಆಚೆ ಕೂತಿತ್ತು, ಇಂಜಿನ್ ಹತ್ತದೆ ಸೆಲ್ಫ್ ಹೊಡೆದೂ ಹೊಡೆದೂ ಕ್ಯಾಮಿನ ಉಬ್ಬಿಗೆ (ಲೋಬ್) ಹಚ್ಚಿದ್ದ ಪೇಸ್ಟೆಲ್ಲ ಒರೆಸ್ಕೊಂಡು ಹೋಯ್ತು. ಹತ್ತಿ ಎಂಟು ನಿಮಿಷಕ್ಕೆ ಟಿಕ್ ಟಿಕ್ ಅಂತ ಸದ್ದು. ಆಯಿಲ್ ಫಿಲ್ಟರ್ ಕುಯ್ದು ಬಿಚ್ಚಿ ಬಿಸಿಲಿಗೆ ಹಿಡಿದ್ರೆ ಕಾಗದದ ಮಡಿಕೆ ಮಡಿಕೇಲೂ ಬೆಳ್ಳಿ ಪುಡಿ ಮಿನುಗ್ತಿತ್ತು. ಎರಡು ಲೋಬ್ ಸವೆದು ದುಂಡಗಾಗಿತ್ತು. ಆ ಪುಡಿ ಎಲ್ಲಾ ಬೇರಿಂಗಿಗೂ ಹೋಗಿರತ್ತೆ, ಹಾಗಾಗಿ ಪೂರ್ತಿ ಬಿಚ್ಚಿ ತೊಳೆದು ಮತ್ತೆ ಕಟ್ಟೋದು ಬಿಟ್ಟು ದಾರಿ ಇಲ್ಲ. 900 ಡಾಲರ್ ಹೋಯ್ತು, ಒಂದು ಇಡೀ ಚಳಿಗಾಲಾನೂ ಹೋಯ್ತು.

ಎರಡನೇ ಸಲ ಹೈಡ್ರಾಲಿಕ್ ರೋಲರ್ (ಉಜ್ಜದೆ ಉರುಳೋ ಲಿಫ್ಟರ್), ಕ್ಯಾಮ್ ಲಿಫ್ಟರ್ ಸೇರಿ 1100. 72ರ ಬ್ಲಾಕಲ್ಲಿ ರೋಲರ್‌ಗೆ ಜಾಗ ಮಾಡಿರಲ್ಲ, ಜೋಡಿ ಜೋಡಿಯಾಗಿ ಪಟ್ಟಿ ಇರೋ ಲಿಫ್ಟರೇ ಬೇಕು, ಕ್ಯಾಮ್ ಮುಂದಕ್ಕೆ ಸರಿಯದ ಹಾಗೆ ಬಟನ್ ಬೇಕು, ಡಿಸ್ಟ್ರಿಬ್ಯೂಟರ್ ಗೇರ್ ಕ್ಯಾಮಿಗೆ ಹೊಂದೋದೇ ಆಗಿರ್ಬೇಕು. ಇಂಜಿನ್ ಹತ್ತೋ ಮೊದಲೇ ಒಳಗೆಲ್ಲ ಆಯಿಲ್ ತುಂಬಿಸೋಕೆ (ಪ್ರೈಮ್) ಹಳೇ ಡಿಸ್ಟ್ರಿಬ್ಯೂಟರಿನ ಹಲ್ಲು ಗ್ರೈಂಡ್ ಮಾಡಿ ಡ್ರಿಲ್ಲಿಗೆ ಸಿಗಿಸ್ದೆ. ಮೊದಲು ಡ್ರಿಲ್ ಸುಮ್ನೆ ಸುತ್ತತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಭಾರ ಬಿದ್ದು ಕೈ ತಿರುಚತ್ತೆ, ಆಯಿಲ್ ಪ್ರೆಶರ್ ಗೇಜ್ 55ಕ್ಕೆ ಏರತ್ತೆ. ಹೆಂಡತಿ ಬ್ರೇಕರ್ ಬಾರಲ್ಲಿ ಕ್ರ್ಯಾಂಕ್ ಕಾಲು ಸುತ್ತು ತಿರುಗಿಸ್ತಾ ಹೋದ್ಳು, "ರೀ ಇಲ್ಲಿ ಬಂತು, ಇಲ್ಲೂ ಬಂತು" ಅಂತ ಹದಿನಾರೂ ರಾಕರಲ್ಲಿ ಜೇನಿನ ಥರ ಆಯಿಲ್ ಉಕ್ಕೋದನ್ನ ಇಬ್ರೂ ಎಣಿಸಿದ್ವಿ. ಹದಿನಾರನೇದು ಬರೋವರೆಗೂ ಡ್ರಿಲ್ ಬಿಡ್ಬೇಡಿ. ಈ ಸಲ ಮೂರನೇ ಸೆಲ್ಫಿಗೆ ಇಂಜಿನ್ ಹತ್ತಿ ನಿಂತ್ಕೊಳ್ತು.

ಇನ್ನು ಪೆಟ್ರೋಲ್ ಲೈನ್ ಕಥೆ. ಕಾರ್ಬ್ ಜಾಗದಲ್ಲೇ ಕೂರೋ ಥ್ರಾಟಲ್ ಬಾಡಿ ಇಎಫ್ಐ ಕಿಟ್ 1200ರ ಹತ್ರ ಬಿತ್ತು, ಅದ್ರ ಜೊತೆಗೇ ಬಂದ ಪಂಪ್ ಹೊರಗಡೆ ಹಾಕೋದು. ಹಳೇ ಮೆಕ್ಯಾನಿಕಲ್ ಪಂಪಿಗೆ 5-6 ಪಿಎಸ್ಐ ಪ್ರೆಶರ್ ಸಾಕಿತ್ತು, ಇದಕ್ಕೆ 58 ಬೇಕು. ಟ್ಯಾಂಕ್ ಪಕ್ಕ ಬಾಡಿಗೆ ಬೋಲ್ಟ್ ಮಾಡ್ದೆ. ಬೆಳಗಿನ ತಂಪಲ್ಲಿ ಚಿನ್ನದಂಥಾ ಓಟ. ಮಧ್ಯಾಹ್ನ ಇಂಡಿಯನ್ ಸ್ಟೋರ್ ಮುಂದೆ ಇಪ್ಪತ್ತು ನಿಮಿಷ ನಿಲ್ಲಿಸಿ ಬಂದ್ರೆ ಪಂಪ್ ಕುಯ್ಯೋ ಅಂತ ಅರಚೋದು, ಗೇಜ್ 58ರಿಂದ 35ಕ್ಕೆ ಬೀಳೋದು, ಇಂಜಿನ್ ಮಿಸ್ ಹೊಡೆದು ಆಫ್. ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇದ್ರೆ ಎಡಕ್ಕೆ ತಿರುಗಿಸಿದ್ರೂ ಅದೇ ಪಾಡು. ಲೈನಿಗೆ ಶಾಖ ತಡೆಯೋ ಬಟ್ಟೆ ಸುತ್ತಿದೆ, ಪಂಪ್ ನಾಲ್ಕು ಇಂಚು ಕೆಳಗಿಳಿಸ್ದೆ, ರೆಗ್ಯುಲೇಟರ್ ಬದಲಾಯಿಸ್ದೆ, ಇಲ್ಲಿನ ಹಳಬರು ಹೇಳ್ತಾರಲ್ಲ, ಬಟ್ಟೆ ಒಣಹಾಕೋ ಮರದ ಕ್ಲಿಪ್ ಲೈನಿಗೆ ಸಿಗಿಸೋದು, ಅದನ್ನೂ ಎಂಟು ಸಿಗಿಸಿ ನೋಡ್ದೆ. ಏನೂ ಆಗ್ಲಿಲ್ಲ. 400 ಡಾಲರ್ ಅದಕ್ಕೇ ಸುರಿದೆ.

ಮಧ್ಯೆ ಒಂದು ಪ್ರಯೋಗಾನೂ ಮಾಡ್ದೆ. ಗಾಜಿನ ಅಳತೆ ಜಾಡೀಲಿ 10 ಎಂಎಲ್ ನೀರು, 90 ಎಂಎಲ್ ಬಂಕಿನ ಪೆಟ್ರೋಲ್ ಹಾಕಿ ಅಲುಗಿಸಿ ಇಟ್ಟೆ. ಸ್ವಲ್ಪ ಹೊತ್ತಿಗೆ ಕೆಳಗಿನ ನೀರಿನ ಪದರ 19ರ ಹತ್ರ ಬಂದಿತ್ತು, ಅಂದ್ರೆ 90ರಲ್ಲಿ 9 ಎಂಎಲ್ ಎಥನಾಲ್ ನೀರಿಗೆ ಇಳಿದಿತ್ತು, ನೂರಕ್ಕೆ ಹತ್ತು ಭಾಗ. ಹಳೇ ರಬ್ಬರ್ ಹೋಸ್ ಯಾಕೆ ಹಂಗೆ ಮೆತ್ತಗಾಗಿತ್ತು ಅಂತ ಗೊತ್ತಾಯ್ತು, ಎಲ್ಲಾ ಕಿತ್ತು ಎಥನಾಲ್ ತಡೆಯೋ 30ಆರ್14 ನಮೂನೆ ಹೋಸ್ ಹಾಕ್ದೆ. ಇನ್ನೊಂದು ಗಮನಿಸಿದ್ದು, ಏಪ್ರಿಲಲ್ಲಿ ಬಿಸಿಲು ಬಿದ್ದ ದಿನ ಜುಲೈಗಿಂತ ಜಾಸ್ತಿ ಕೈಕೊಡ್ತಿತ್ತು. ಟ್ಯಾಂಕಲ್ಲಿ ಚಳಿಗಾಲದ ಪೆಟ್ರೋಲ್ ಉಳಿದಿರತ್ತೆ, ಅದು ಬೇಗ ಆವಿಯಾಗೋ ಮಿಶ್ರಣ. ಅಲ್ಲಿಂದ ನನಗೆ ದಾರಿ ಸಿಕ್ತು. ಪಂಪ್ ತಳ್ಳೋದ್ರಲ್ಲಿ ಗಟ್ಟಿ, ಎಳೆಯೋದ್ರಲ್ಲಿ ಅಲ್ಲ. ಅದು ಎಳೆಯುವಾಗ ಆ ಕಡೆ ಪ್ರೆಶರ್ ಬಿದ್ದು ಬಿಸಿ ಪೆಟ್ರೋಲ್ ಪೈಪಲ್ಲೇ ಕುದಿಯತ್ತೆ, ನಾನು ಮಾತ್ರ ಇಂಜಿನ್ ಕಡೆ ಪೈಪಿಗೆ ಬಟ್ಟೆ ಸುತ್ತುತ್ತಾ ಕೂತಿದ್ದೆ.

ಹಾಗಾಗಿ ಹೊಸ ಟ್ಯಾಂಕ್, ಒಳಗಡೆ ಟ್ರೇ, ಟ್ರೇ ಒಳಗೆ ಪೆಟ್ರೋಲಲ್ಲೇ ಮುಳುಗಿ ಕೂರೋ, ಗಂಟೆಗೆ 255 ಲೀಟರ್ ತಳ್ಳೋ ಪಂಪ್, ಎಲ್ಲಾ ಸೇರಿ 600 ಚಿಲ್ಲರೆ. ಹಳೇ ಟ್ಯಾಂಕ್ ಕುಯ್ಯೋಕೆ ಮಾತ್ರ ಹೋಗ್ಬೇಡಿ, ಖಾಲಿ ಟ್ಯಾಂಕಲ್ಲಿರೋ ಆವಿ ಹತ್ಕೊಂಡ್ರೆ ಜೀವ ಹೋಗತ್ತೆ. 3/8 ಇಂಚಿನ ಲೈನ್ ಮುಂದಕ್ಕೊಂದು, ವಾಪಸ್ಸಿಗೊಂದು, ವಾಪಸ್ ಬಂದ ಪೆಟ್ರೋಲ್ ನೇರ ಟ್ರೇಗೇ ಬೀಳ್ಬೇಕು. ಟ್ಯಾಂಕಿಗೆ ಗಾಳಿ ಆಡೋ ವೆಂಟ್ ಮರೀಬೇಡಿ. ಟ್ರೇ ಒಳಗೆ ನಾನು ಒಂದು ಸಣ್ಣ ಬದಲಾವಣೆ ಮಾಡಿದೀನಿ, ಅದರಿಂದಲೇ ಟ್ಯಾಂಕ್ ತಳ ಹಿಡಿದಾಗ್ಲೂ ತಿರುವಲ್ಲಿ ಗೇಜ್ ಮುಳ್ಳು ಅಲ್ಲಾಡಲ್ಲ, ಅದೇನು ಅಂತ ಸದ್ಯಕ್ಕೆ ಹೇಳಲ್ಲ.

ಪಂಪ್ ಒಳಗೆ ಹೋದ್ಮೇಲೂ ಎರಡು ತರಲೆ ಉಳೀತು. ಬ್ಯಾಟರಿ ಹತ್ರ 14 ವೋಲ್ಟ್ ಇದ್ರೆ ಪಂಪಿನ ಹತ್ರ 11.3. ಹಳೇ ವೈರಿಂಗ್ ಬಿಟ್ಟು ಬ್ಯಾಟರಿಯಿಂದ ನೇರ 10 ಗೇಜ್ ವೈರ್, ರಿಲೇ, ಪೇಂಟ್ ಕೆರೆದು ಗಟ್ಟಿ ಅರ್ಥಿಂಗ್ ಕೊಟ್ಮೇಲೆ 13.6 ಬಂತು. ಇನ್ನೊಂದು, ಪ್ಲಗ್ಗೆಲ್ಲ ಕಪ್ಪಗಾಗಿ ಆಯಿಲಲ್ಲಿ ಪೆಟ್ರೋಲ್ ವಾಸನೆ. ಆಕ್ಸಿಜನ್ ಸೆನ್ಸರ್ ಮಾತ್ರ ಲೀನ್, ಅಂದ್ರೆ ಪೆಟ್ರೋಲ್ ಕಮ್ಮಿ ಅಂತಾನೇ ತೋರಿಸ್ತಿತ್ತು. ಹೊಗೆ ಪೈಪ್ ಇಂಜಿನ್‌ಗೆ ಸೇರೋ ಕಡೆಯ ಹೆಡರ್ ಗ್ಯಾಸ್ಕೆಟ್ ಹತ್ರ ಊದುಬತ್ತಿ ಹಿಡಿದು ನೋಡ್ದೆ, ಇಂಜಿನ್ ತಣ್ಣಗಿದ್ದಾಗ ಹೊಗೆ ಒಳಕ್ಕೆ ಎಳ್ಕೊಳ್ತಿತ್ತು. ಅಲ್ಲಿಂದ ಹೊರಗಿನ ಗಾಳಿ ನುಗ್ಗಿ ಸೆನ್ಸರ್ ಮೋಸ ಹೋಗಿ ಕಂಪ್ಯೂಟರ್ ಪೆಟ್ರೋಲ್ ಸುರೀತಾ ಇತ್ತು. 25 ಡಾಲರ್ ಗ್ಯಾಸ್ಕೆಟ್ಟಿಗೆ ನಾನು ಒಂದೂವರೆ ತಿಂಗಳು ಟ್ಯೂನಿಂಗ್ ಮಾಡಿದೀನಿ.

ಈಗ ವೀಲಲ್ಲಿ 280 ಚಿಲ್ಲರೆ ಹಾರ್ಸ್ ಪವರ್, ಪವರ್ ಅಳೆಯೋ ಡೈನೋ ಮೆಷಿನಲ್ಲಿ ನೋಡಿದ್ದು. ಹೈವೇಲಿ 11 ಕೊಡ್ತಿದ್ದ ಮೈಲೇಜ್ ಗ್ಯಾಲನ್ನಿಗೆ 15 ಮೈಲಿ ದಾಟತ್ತೆ. ಇಂಜಿನ್‌ಗೆ ಅಂದಾಜು 6000, ಪೆಟ್ರೋಲ್ ಲೈನಿಗೆ ಎರಡೂವರೆ ಸಾವಿರ, ಕೆಟ್ಟಿದ್ದೂ ಸೇರಿ. ಜನವರೀಲಿ ಗ್ಯಾರೇಜ್ ಮೈನಸ್ ಎಂಟು ಇದ್ದಾಗ ಒಂದೇ ಸೆಲ್ಫಿಗೆ ಹತ್ತತ್ತೆ, ಈ ಬ್ಲಾಕಿಗೆ ಅಂಥಾ ಸ್ಟಾರ್ಟಿಂಗ್ ಕೊಟ್ಟಿರೋರು ನನ್ನ ಕಣ್ಣಿಗಂತೂ ಬಿದ್ದಿಲ್ಲ. ಐಡಲ್‌ನ ಟೈಮಿಂಗ್ ಟೇಬಲ್ (ಕಿಡಿ ಯಾವಾಗ ಹಾರ್ಬೇಕು ಅನ್ನೋ ಪಟ್ಟಿ) ಕೇಳ್ಬೇಡಿ, ಅದಕ್ಕೆ ಎರಡು ಚಳಿಗಾಲ ಕೊಟ್ಟಿದೀನಿ.

ಒಂದೇ ಒಂದು ನೋಡ್ಬೇಕಾಗಿರೋದು, ಲಾಂಗ್ ಡ್ರೈವಲ್ಲಿ ವಾಪಸ್ ಬರೋ ಪೆಟ್ರೋಲಿಂದ ಟ್ಯಾಂಕ್ 25 ಡಿಗ್ರಿಯಿಂದ 40ರ ಹತ್ರ ಏರತ್ತೆ. ತೊಂದ್ರೆ ಏನೂ ಆಗಿಲ್ಲ, ಆದ್ರೂ ವಾಪಸ್ ಲೈನಿಗೆ ಸಣ್ಣ ಕೂಲರ್ ಹಾಕಿ ನೋಡೋ ಪ್ಲಾನ್ ಇದೆ. ಅದಕ್ಕೆ ಮೊದಲು ಗೇರ್‌ಬಾಕ್ಸ್ ಹಿಂದಿನ ಸೀಲ್ ಒಸರ್ತಿದೆ, ಈ ಚಳಿಗಾಲ ಅದು.